ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ: ಕೆಡವುವ ಮುಂಚೆ ಅಳೆಯಬೇಕಾದದ್ದು ಏನು?

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತರು. ಆಮೇಲೆ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗವು ಆ ಕ್ರೀಡಾಂಗಣದ ವಿನ್ಯಾಸವೇ ಭಾರಿ ಜನ ಸೇರುವ ಕಾರ್ಯಕ್ರಮಗಳಿಗೆ ತಕ್ಕದ್ದಲ್ಲ ಎಂದು ವರದಿ ಕೊಟ್ಟಿತು. ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರು ಬಿಟ್ಟು ನವಿ ಮುಂಬೈಗೆ ಹೋದವು. ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದ ಬಳಿ 80,000 ಆಸನಗಳ ಹೊಸ ಸ್ಟೇಡಿಯಂ ಕಟ್ಟುವ ಪ್ರಸ್ತಾವ ಬಂತು. ಇವೆಲ್ಲ ಕ್ರಿಕೆಟ್ಟಿನ ಸುದ್ದಿ. ಆದರೆ ಇವು ಎಬ್ಬಿಸಿದ ಪ್ರಶ್ನೆ ಕ್ರಿಕೆಟ್ಟಿಗಷ್ಟೇ ನಿಲ್ಲುವುದಿಲ್ಲ. ಊರ ನಡುವಿನ ಹಳೆಯ ಸ್ಟೇಡಿಯಂಗಳನ್ನು ಏನು ಮಾಡುವುದು?

ಈ ಪ್ರಶ್ನೆ ಬಂದಾಗೆಲ್ಲ ಗರುಡಾ ಮಾಲ್ ಹತ್ತಿರ, ಅಶೋಕನಗರದಲ್ಲಿರುವ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ನೆನಪಾಗಬೇಕು. ಅರ್ಧ ಶತಮಾನ ದಾಟಿದ ಗ್ಯಾಲರಿ, ಒತ್ತೊತ್ತಾದ ರಸ್ತೆಗಳು, ಬಂಗಾರದ ಬೆಲೆಯ ಜಾಗ. ಕೆಡವಿ ಹೊಸದು ಕಟ್ಟಿ ಎನ್ನುವವರಿದ್ದಾರೆ, ಒಂದು ಕಲ್ಲನ್ನೂ ಮುಟ್ಟಬೇಡಿ ಎನ್ನುವವರಿದ್ದಾರೆ, ಊರ ಹೊರಗೆ ಒಯ್ಯಿರಿ ಎನ್ನುವವರೂ ಇದ್ದಾರೆ. ಮೂರು ವಾದದಲ್ಲೂ ಹುರುಳಿದೆ. ಆದರೆ ಈ ಮೈದಾನದಲ್ಲಿ ವಾರಕ್ಕೆ ಎಷ್ಟು ಗಂಟೆ ಯಾರು ಆಡುತ್ತಾರೆ ಎಂಬ ಲೆಕ್ಕದಿಂದ ಮೂರೂ ಶುರುವಾಗುವುದಿಲ್ಲ. ಆ ಲೆಕ್ಕ ಗೊತ್ತಾದರೆ ಯಾವ ಹುಲ್ಲು, ಎಷ್ಟು ಆಸನ, ಎಂಥ ದೀಪ ಎಂಬ ಉಳಿದ ಪ್ರಶ್ನೆಗಳು ಬಹುಮಟ್ಟಿಗೆ ತಾವೇ ಬಗೆಹರಿಯುತ್ತವೆ.

ಪರಂಪರೆ ಅಂದರೆ ಇಲ್ಲಿ ಯಾವುದು?

ಬೆಂಗಳೂರಿನ ಫುಟ್‌ಬಾಲ್ ಈ ಸ್ಟೇಡಿಯಂಗಿಂತ ಹಳೆಯದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ಹೆಸರಾಂತ ಪಂದ್ಯಾವಳಿ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇಲ್ಲಿಯವರು. ಅದೇ ತಂಡದಲ್ಲಿದ್ದ, ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ಹೆಸರಾದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ದಂಡು ಪ್ರದೇಶದ ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರದ ಓಣಿಗಳಿಂದ ಆಟಗಾರರು ಬರುತ್ತಿದ್ದರು. ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಅವರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಮೈಸೂರು ರಾಜ್ಯ ತಂಡ 1960ರ ದಶಕದ ಕೊನೆಗೆ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಸತತ ಎರಡು ಸಲ ಗೆದ್ದಿತು. ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚಿನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಐ-ಲೀಗ್ (ಆಗಿನ ಅಗ್ರ ರಾಷ್ಟ್ರೀಯ ಲೀಗ್) ಋತುವನ್ನು ಇದೇ ಸ್ಟೇಡಿಯಂನಲ್ಲಿ ಆಡಿತು, ಆ ಋತುವಿನಲ್ಲೇ ಚಾಂಪಿಯನ್ ಆಯಿತು. ಅಭಿಮಾನಿ ಬಳಗ ‘ವೆಸ್ಟ್ ಬ್ಲಾಕ್ ಬ್ಲೂಸ್’ಗೆ ಆ ಹೆಸರು ಬಂದದ್ದು ಇಲ್ಲಿನ ಪಶ್ಚಿಮ ಗ್ಯಾಲರಿಯಿಂದ. 2014ರಲ್ಲಿ ತಂಡ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಹೆಸರೂ ಹಾಡುಗಳೂ ಜೊತೆಗೆ ಹೋದವು, ಮೈದಾನದ ಹತ್ತಿರ ಕೂರುವ ಸುಖ ಮಾತ್ರ ಹೋಗಲಿಲ್ಲ. ಕಾರಣ ಸರಳ ಜ್ಯಾಮಿತಿ: ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. 400 ಮೀಟರ್ ಟ್ರ್ಯಾಕಿನ ಒಳಭಾಗದ ಉದ್ದ ಸುಮಾರು 157 ಮೀಟರ್. ಫುಟ್‌ಬಾಲ್ ಮೈದಾನದ ಉದ್ದ 105. ಉಳಿದ 52 ಮೀಟರಿನಲ್ಲಿ ಪ್ರತಿ ಗೋಲಿನ ಹಿಂದೆ 26 ಬೀಳುತ್ತದೆ. ಅದಕ್ಕೆ ಎಂಟು ಲೇನುಗಳ ಸುಮಾರು 10 ಮೀಟರ್ ಸೇರಿಸಿ. ಗೋಲಿನ ಹಿಂದೆ ಕೂತವನಿಗೆ ಗೋಲ್ ಲೈನ್ 36 ಮೀಟರ್ ದೂರ. ಫುಟ್‌ಬಾಲಿಗೆಂದೇ ಕಟ್ಟಿದ ಸ್ಟೇಡಿಯಂನಲ್ಲಿ ಈ ದೂರ 10 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ಕಂಠೀರವದ ಟ್ರ್ಯಾಕ್ ಅಥ್ಲೀಟುಗಳಿಗೂ ಬೇಕು. ಆ ತಕರಾರು ಹೈಕೋರ್ಟಿನವರೆಗೂ ಹೋಗಿ ಬಂದಿದೆ.

ಬೆಂಗಳೂರು ಎಫ್‌ಸಿ ಹೊರಟುಹೋದ ಮೇಲೂ ಅಶೋಕನಗರದಲ್ಲಿ ಆಟ ನಿಲ್ಲಲಿಲ್ಲ. ಬೆಂಗಳೂರಿನ ಕ್ಲಬ್ ಲೀಗಿನ ಮೇಲ್ದರ್ಜೆಯಾದ ಸೂಪರ್ ಡಿವಿಷನ್, ಅದರ ಕೆಳಗಿನ ಡಿವಿಷನ್‌ಗಳು, ಹೆಣ್ಣುಮಕ್ಕಳ ಲೀಗ್ ಇಲ್ಲೇ ನಡೆದವು. ಕೆಲಸದ ದಿನದ ಮಧ್ಯಾಹ್ನ ಗ್ಯಾಲರಿಯಲ್ಲಿ ನೂರಿನ್ನೂರು ಜನ ಕೂತು ನೋಡುವ ಪಂದ್ಯಗಳಿವು. ಈ ಸ್ಟೇಡಿಯಂನ ಪರಂಪರೆ ಎಂದು ಯಾವುದನ್ನಾದರೂ ಕರೆಯಬೇಕಾದರೆ ಇದನ್ನೇ ಕರೆಯಬೇಕು. ಕಾಂಕ್ರೀಟನ್ನು ಮತ್ತೆ ಸುರಿಯಬಹುದು, ಎರಡು-ಮೂರು ವರ್ಷ ಲೀಗ್ ನಿಂತರೆ ಚದುರಿಹೋಗುವ ಸಣ್ಣ ಕ್ಲಬ್ಬುಗಳನ್ನು ಮತ್ತೆ ಕೂಡಿಸುವುದು ಕಷ್ಟ.

ಮೂರು ವಾದಗಳು

ಕೆಡವಿ ಕಟ್ಟಬೇಕು ಎನ್ನುವವರ ಮಾತು ಇದು: ಹಳೆಯ ಗ್ಯಾಲರಿಗೆ ತೇಪೆ ಹಾಕುತ್ತಾ ಹೋದರೆ ಖರ್ಚು ಮುಗಿಯುವುದಿಲ್ಲ. ಅಂತರರಾಷ್ಟ್ರೀಯ ಪಂದ್ಯಕ್ಕೆ ಬೇಕಾದ ಆಸನ, ದೀಪ, ಡ್ರೆಸ್ಸಿಂಗ್ ರೂಮುಗಳು ಹಳೆಯ ಚೌಕಟ್ಟಿನಲ್ಲಿ ಕೂರುವುದಿಲ್ಲ.

ಉಳಿಸಬೇಕು ಎನ್ನುವವರ ಭಯ ಬೇರೆ. ಒಮ್ಮೆ ಕೆಡವಿದರೆ ಕೆಳಗೆ ಅಂಗಡಿ, ಮೇಲೆ ಕಚೇರಿ, ನಡುವೆ ಒಂದಿಷ್ಟು ಮೈದಾನ ಎಂಬ ಸಂಕೀರ್ಣ ಏಳುತ್ತದೆ, ಬಾಡಿಗೆ ಏರುತ್ತದೆ, ಆಸ್ಟಿನ್ ಟೌನಿನ ಕ್ಲಬ್ಬಿಗೆ ಒಳಗೆ ಕಾಲಿಡಲೂ ಆಗುವುದಿಲ್ಲ ಎಂಬ ಭಯ.

ಊರ ಹೊರಗೆ ಒಯ್ಯಿರಿ ಎನ್ನುವವರ ಕೈಯಲ್ಲಿ ಚಿನ್ನಸ್ವಾಮಿಯ ಉದಾಹರಣೆಯಿದೆ. ಆದರೆ 35,000 ಆಸನದ ಸ್ಟೇಡಿಯಂನ ಪಾಠವನ್ನು 8,000 ಆಸುಪಾಸಿನ ಸ್ಟೇಡಿಯಂಗೆ ಹಾಗೇ ಅಂಟಿಸಲಾಗದು. ಬೊಮ್ಮಸಂದ್ರಕ್ಕೆ 2025ರಿಂದ ಹಳದಿ ಮೆಟ್ರೊ ಓಡುತ್ತಿದೆ ನಿಜ. ಹಾಗೆಂದು ಮಧ್ಯಾಹ್ನ ಮೂರಕ್ಕೆ ಶಾಲೆ ಬಿಟ್ಟ ಹುಡುಗ 20 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬಿ ಡಿವಿಷನ್ ಪಂದ್ಯ ನೋಡುವುದಿಲ್ಲ, ಆಡುವುದೂ ಇಲ್ಲ.

ಮೊದಲು ಕಾಂಕ್ರೀಟನ್ನು ಕೇಳಬೇಕು

ಕೆಡವುವುದೋ ಉಳಿಸುವುದೋ ಎಂಬುದು ಅಭಿಪ್ರಾಯದಿಂದ ತೀರ್ಮಾನವಾಗಬಾರದು. ಕಾಂಕ್ರೀಟೇ ಉತ್ತರ ಹೇಳುತ್ತದೆ, ಕೇಳುವ ವಿಧಾನ ಗೊತ್ತಿರಬೇಕು.

ಹೊಸ ಕಾಂಕ್ರೀಟ್ ಬಲವಾದ ಕ್ಷಾರ, ಅದರ ಪಿಎಚ್ 12.5ರಿಂದ 13. ಆ ಕ್ಷಾರದ ಒಳಗಿರುವಷ್ಟು ಕಾಲ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷದಿಂದ ವರ್ಷಕ್ಕೆ ಒಳಗೆ ಇಳಿಯುತ್ತಾ ಈ ಕ್ಷಾರವನ್ನು ಕೊಲ್ಲುತ್ತದೆ. ಪಿಎಚ್ 9ರ ಕೆಳಗಿಳಿದ ಜಾಗದಲ್ಲಿ ಕಂಬಿಗೆ ರಕ್ಷಣೆ ಇಲ್ಲ. ಈ ಇಳಿತ ಕಾಲದ ವರ್ಗಮೂಲದ ಲೆಕ್ಕದಲ್ಲಿ ಸಾಗುತ್ತದೆ. ಮೊದಲ ಹತ್ತು ವರ್ಷದಲ್ಲಿ 10 ಮಿಲಿಮೀಟರ್ ಇಳಿದಿದ್ದರೆ 20 ಮಿಲಿಮೀಟರ್ ಮುಟ್ಟಲು ನಲವತ್ತು ವರ್ಷ ಬೇಕು. ಹಳೆಯ ಕಟ್ಟಡಗಳಲ್ಲಿ ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ ಹಲವೆಡೆ 20–25 ಮಿಲಿಮೀಟರ್ ಮಾತ್ರ. ಹಾಗಾಗಿಯೇ ದಶಕಗಟ್ಟಲೆ ಏನೂ ಆಗದ ಗ್ಯಾಲರಿಯಲ್ಲಿ ಒಮ್ಮೆಗೇ ಎಲ್ಲೆಡೆ ಬಿರುಕು ಕಾಣಿಸುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಸ್ಲ್ಯಾಬಿನ ತಳದ ಕಾಂಕ್ರೀಟ್ ಹಪ್ಪಳದಂತೆ ಎದ್ದು ಉದುರುತ್ತದೆ. ಮೆಟ್ಟಿಲು ಮೆಟ್ಟಿಲಾಗಿರುವ ಗ್ಯಾಲರಿಯಲ್ಲಿ ಮಳೆನೀರು ಸಂದುಗಳಲ್ಲಿ ನಿಲ್ಲುವುದರಿಂದ ಅಲ್ಲಿಯ ತುಕ್ಕು ಇನ್ನೂ ಬೇಗ.

ಇದನ್ನು ಪತ್ತೆ ಮಾಡುವ ಒಂದು ಪರೀಕ್ಷೆ ಯಾರಿಗಾದರೂ ಅರ್ಥವಾಗುವಷ್ಟು ಸರಳ. ಬೀಮಿನ ಮೂಲೆಯಲ್ಲಿ ಒಂದು ಚೂರು ಒಡೆದು, ಧೂಳು ಊದಿ, ಹೊಸದಾಗಿ ಕಂಡ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಆರೋಗ್ಯವಾಗಿರುವ ಕಾಂಕ್ರೀಟ್ ಕ್ಷಣಾರ್ಧದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರ ಸತ್ತ ಭಾಗ ಬೂದು ಬಣ್ಣದಲ್ಲೇ ಉಳಿಯುತ್ತದೆ. ಬೂದು ಪಟ್ಟಿ ಕಂಬಿಯನ್ನು ಮುಟ್ಟಿದೆಯೇ ಇಲ್ಲವೇ ಎಂದು ಅಳತೆಪಟ್ಟಿ ಹಿಡಿದು ನೋಡಿದರೆ ಆ ಬೀಮಿನ ಭವಿಷ್ಯ ಕಾಣುತ್ತದೆ.

ಜೊತೆಗೆ ಕಾಂಕ್ರೀಟಿನ ಒಳಗೆ ಶ್ರವಣಾತೀತ ಶಬ್ದ ಸಾಗುವ ವೇಗ ಅಳೆಯುತ್ತಾರೆ. ಸೆಕೆಂಡಿಗೆ 3.5 ಕಿಲೋಮೀಟರ್ ಮೀರಿದರೆ ಒಳಗೆ ಗಟ್ಟಿ, 3ಕ್ಕಿಂತ ಕೆಳಗಿಳಿದರೆ ಒಳಗೆ ಪೊಳ್ಳು ಅಥವಾ ಬಿರುಕು ಇರುವ ಶಂಕೆ. ಆಮೇಲೆ ಅನುಮಾನದ ಜಾಗಗಳಿಂದ ಉರುಳೆಯಾಕಾರದ ತುಂಡುಗಳನ್ನು, ಅಂದರೆ ಕೋರ್‌ಗಳನ್ನು ಕೊರೆದು ತೆಗೆದು ಒತ್ತಿ ನೋಡುತ್ತಾರೆ. ಭಾರತೀಯ ಮಾನಕದ ಪ್ರಕಾರ ಕನಿಷ್ಠ ಮೂರು ಕೋರ್ ಬೇಕು. ಸರಾಸರಿ ಬಲ ನಿಗದಿತ ಬಲದ ಶೇ 85ಕ್ಕೆ ಕಡಿಮೆ ಇರಬಾರದು, ಯಾವ ಒಂದೂ ಶೇ 75ರ ಕೆಳಗೆ ಇಳಿಯಬಾರದು. ಸುತ್ತಿಗೆ ಮಾದರಿಯ ರಿಬೌಂಡ್ ಪರೀಕ್ಷೆಯೊಂದನ್ನೇ ನಂಬಿ ತೀರ್ಪು ಕೊಡುವುದು ತಪ್ಪು. ಹಳೆಯ ಕಾಂಕ್ರೀಟಿನಲ್ಲಿ ಕ್ಷಾರ ಸತ್ತ ಮೇಲ್ಮೈ ಗಟ್ಟಿಯಾಗುವುದರಿಂದ ಅದು ಇರುವುದಕ್ಕಿಂತ ಹೆಚ್ಚಿನ ಬಲ ತೋರಿಸುತ್ತದೆ.

ಇಲ್ಲಿ ಹೊರಡುವ ತೀರ್ಮಾನ ಇಡೀ ಸ್ಟೇಡಿಯಂಗೆ ಒಂದೇ ಆಗಿರಬೇಕಿಲ್ಲ. ಒಂದು ಗ್ಯಾಲರಿಯ ಬೀಮುಗಳಿಗೆ ಹೊಸ ಕಂಬಿ ಸುತ್ತಿ ಮೈಕ್ರೋ ಕಾಂಕ್ರೀಟ್ ಕವಚ ತೊಡಿಸಿದರೆ ಇನ್ನೂ ಕೆಲವು ದಶಕ ನಿಲ್ಲಬಹುದು, ಎದುರಿನದನ್ನು ನೆಲಸಮ ಮಾಡಲೇಬೇಕಾಗಬಹುದು. ಲಂಡನ್ನಿನ ಕ್ರೇವನ್ ಕಾಟೇಜ್‌ನಲ್ಲಿ 1905ರ ಸ್ಟ್ಯಾಂಡನ್ನು ಕಾಪಾಡಿಕೊಂಡು, ನದಿ ಬದಿಯ ಸ್ಟ್ಯಾಂಡನ್ನು ಪೂರ್ತಿ ಹೊಸದಾಗಿ ಕಟ್ಟಿದ್ದು ಹೀಗೆಯೇ.

ಕುಣಿತದ ಲೆಕ್ಕವನ್ನೂ ಇಲ್ಲೇ ಹಾಕಬೇಕು. ಹಳೆಯ ಗ್ಯಾಲರಿಗಳನ್ನು ಕೂತು ನೋಡುವವರ ತೂಕಕ್ಕೆ ಕಟ್ಟಿದ್ದರು. ಇಂದಿನ ಅಭಿಮಾನಿ ಬಳಗ ಡ್ರಮ್ಮಿಗೆ ತಕ್ಕಂತೆ ಒಟ್ಟಿಗೆ ಜಿಗಿಯುತ್ತದೆ, ಸೆಕೆಂಡಿಗೆ ಸುಮಾರು ಎರಡು ಸಲ. ಈ ಲಯದ ಎರಡು ಪಟ್ಟು, ಮೂರು ಪಟ್ಟು ಕಂಪನಗಳೂ ಅದರೊಳಗೇ ಇರುತ್ತವೆ. ಗ್ಯಾಲರಿಯ ಸಹಜ ಕಂಪನ ಸೆಕೆಂಡಿಗೆ ಆರಕ್ಕಿಂತ ಕಡಿಮೆಯಿದ್ದರೆ ಇವು ಒಂದಕ್ಕೊಂದು ಕೂಡಿ ಗ್ಯಾಲರಿ ಉಯ್ಯಾಲೆಯಾಡಬಹುದು. ಸಾಮಾನ್ಯ ತೂಕದ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ, ಇದಕ್ಕೆ ಕಂಪನ ಅಳೆಯುವ ಪ್ರತ್ಯೇಕ ಪರೀಕ್ಷೆಯೇ ಬೇಕು.

ಯಾವ ಹುಲ್ಲು? ಗಂಟೆ ಲೆಕ್ಕ ಹೇಳುತ್ತದೆ

ನಿಜವಾದ ಜಗಳ ಇರುವುದು ಹುಲ್ಲಿನಲ್ಲಿ. ದೊಡ್ಡ ಕ್ಲಬ್ಬುಗಳು ಕೇಳುವುದು ಸಹಜ ಹುಲ್ಲು. ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ 2017ರ 17 ವರ್ಷದೊಳಗಿನವರ ವಿಶ್ವಕಪ್‌ಗೆ ಕೃತಕ ಟರ್ಫ್ ಕಿತ್ತು ಸಹಜ ಹುಲ್ಲು ಹಾಕಿದರು. ಅಲ್ಲಿ ಸರಿಯಾದದ್ದು ಇಲ್ಲಿಯೂ ಸರಿಯೇ?

ದಿನಕ್ಕೆ ಎರಡು ಲೀಗ್ ಪಂದ್ಯ ಎಂದರೆ ಬೆಚ್ಚಗಾಗುವ ಸಮಯವೂ ಸೇರಿ ನಾಲ್ಕೂವರೆ ಗಂಟೆ. ವಾರಕ್ಕೆ ಆರು ದಿನ ನಡೆದರೆ 27 ಗಂಟೆ. ತರಬೇತಿ ಇದರ ಮೇಲೆ. ಚೆನ್ನಾಗಿ ನೋಡಿಕೊಂಡ ಸಹಜ ಹುಲ್ಲು ತಡೆಯುವುದು ವಾರಕ್ಕೆ ಸುಮಾರು ಹತ್ತು ಗಂಟೆಯ ಆಟ. ಅದನ್ನು ಮೀರಿದರೆ ಗೋಲಿನ ಬಾಯಿ, ನಡು ವೃತ್ತ, ಲೈನ್ಸ್‌ಮನ್ ಓಡಾಡುವ ಅಂಚು ಮೊದಲು ಬೋಳಾಗುತ್ತವೆ. ಮಳೆಗಾಲದಲ್ಲಿ ಬೋಳು ಜಾಗ ಕೆಸರಾಗುತ್ತದೆ, ಬೇಸಿಗೆಯಲ್ಲಿ ಅದೇ ಕಲ್ಲಾಗುತ್ತದೆ. ಸಹಜ ಹುಲ್ಲು ಹಾಕಿದರೆ ಇಲ್ಲಿನ ಮೂರರಲ್ಲಿ ಎರಡು ಪಂದ್ಯಗಳು ಬೇರೆ ಮೈದಾನ ಹುಡುಕಿಕೊಳ್ಳಬೇಕು. ಆ ಬೇರೆ ಮೈದಾನ ಎಲ್ಲಿದೆ ಎಂದು ಮೊದಲು ಹೇಳದೆ ಹುಲ್ಲಿನ ನಿರ್ಧಾರ ಮಾಡುವುದೆಂದರೆ ಕೆಳ ಡಿವಿಷನ್‌ಗಳನ್ನು ಸದ್ದಿಲ್ಲದೆ ಹೊರಗಟ್ಟಿದ ಹಾಗೆ.

ನೀರಿನ ಲೆಕ್ಕವೂ ಇದೆ. ಅಂಚು ಸೇರಿ 8,000 ಚದರ ಮೀಟರಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಎಂದರೂ 40,000 ಲೀಟರ್. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ ದಂಡ ಕಟ್ಟಬೇಕಾದ ಊರು ಇದು. ಸಂಸ್ಕರಿಸಿದ ನೀರು ಸಿಗುತ್ತದೆ, ಆದರೆ ಅದರಲ್ಲಿನ ಲವಣ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಮರಳಿನ ತಳ, ಒಳಚರಂಡಿ ಇಲ್ಲದಿದ್ದರೆ ಹುಲ್ಲಿನ ತುದಿ ಸುಡುತ್ತದೆ. ಮೈದಾನಕ್ಕೆ ಹಾಕುವ ಬರ್ಮುಡಾ ನಮ್ಮ ಗಣಪತಿಗೆ ಏರಿಸುವ ಗರಿಕೆಯ ಜಾತಿಯದೇ. ಬಿಸಿಲನ್ನು ತಡೆಯುತ್ತದೆ, ನೆರಳನ್ನು ತಡೆಯುವುದಿಲ್ಲ. ಸುತ್ತ ಎತ್ತರದ ಚಾವಣಿ ಕಟ್ಟಿದರೆ ಅದರ ನೆರಳಿಗೆ ಮೊದಲು ಸೊರಗುವುದು ಇದೇ.

ಕೃತಕ ಟರ್ಫ್ ವಾರಕ್ಕೆ 40 ಗಂಟೆ ಆಡಿದರೂ ತಾಳುತ್ತದೆ. ಆದರೆ ಹಾಸಿ ಮರೆಯುವ ಚಾಪೆ ಅದಲ್ಲ. ಕೆಳಗೆ ಸಮತಟ್ಟಾದ ಜಲ್ಲಿ, ಅದರ ಮೇಲೆ ಪೆಟ್ಟು ನುಂಗುವ ಪದರ, ಮೇಲೆ ಪ್ಲಾಸ್ಟಿಕ್ ಎಳೆಗಳ ಹಾಸು, ಎಳೆಗಳ ನಡುವೆ ಮರಳು, ಮೇಲೆ ಕಪ್ಪು ರಬ್ಬರ್ ಕಾಳು. ಆಟಗಾರನ ಮೊಣಕಾಲನ್ನು ಕಾಯುವುದರಲ್ಲಿ ಈ ಕಾಳಿನ ಪಾಲು ದೊಡ್ಡದು. ಆದರೆ ಅದು ಶೂಗಳಲ್ಲಿ, ಕಾಲುಚೀಲಗಳಲ್ಲಿ ದಿನವೂ ಹೊರಗೆ ಹೋಗುತ್ತದೆ, ಜೋರು ಮಳೆಗೆ ತೇಲಿ ಚರಂಡಿ ಸೇರುತ್ತದೆ. ಪೆನಾಲ್ಟಿ ಬಿಂದು, ಕಾರ್ನರ್‌ಗಳಲ್ಲಿ ಮೊದಲು ತೆಳುವಾಗುತ್ತದೆ. ಅಲ್ಲಿ ಎಳೆ ಮಲಗುತ್ತದೆ, ನೆಲ ಗಟ್ಟಿಯಾಗುತ್ತದೆ, ಬುಡದ ಹೊಲಿಗೆ ಬಿಡುತ್ತದೆ. ವಾರಕ್ಕೊಮ್ಮೆ ಬ್ರಷ್ ಎಳೆಯಬೇಕು, ಆಳ ಅಳೆದು ಕಾಳು ತುಂಬಬೇಕು, ವರ್ಷಕ್ಕೊಮ್ಮೆ ಗಟ್ಟಿಯಾದದ್ದನ್ನು ಸಡಿಲಿಸಬೇಕು. ಇಷ್ಟೆಲ್ಲ ಮಾಡಿದರೂ ಆಯುಸ್ಸು ಎಂಟರಿಂದ ಹತ್ತು ವರ್ಷ.

ಟರ್ಫ್ ಸತ್ತಿದೆಯೇ ಎಂದು ತಿಳಿಯುವ ಅಳತೆಗಳು ಫಿಫಾದಲ್ಲಿವೆ. 2 ಮೀಟರ್ ಎತ್ತರದಿಂದ ಬಿಟ್ಟ ಚೆಂಡು ‘ಕ್ವಾಲಿಟಿ ಪ್ರೋ’ ದರ್ಜೆಯಲ್ಲಿ 60ರಿಂದ 85 ಸೆಂಟಿಮೀಟರ್ ಪುಟಿಯಬೇಕು. 1 ಮೀಟರ್ ಎತ್ತರದ ಇಳಿಜಾರಿನಿಂದ ಬಿಟ್ಟ ಚೆಂಡು 4ರಿಂದ 8 ಮೀಟರ್ ಉರುಳಿ ನಿಲ್ಲಬೇಕು. ಎಳೆ ಮಲಗಿದ ಟರ್ಫಿನಲ್ಲಿ ಅದು ಇನ್ನೂ ಮುಂದೆ ಓಡುತ್ತದೆ. ಹಳೆಯ ಟರ್ಫಿನ ಮೇಲೆ ಕಲಿತ ಹುಡುಗರ ಪಾಸ್ ಒಳ್ಳೆಯ ಹುಲ್ಲಿನ ಮೇಲೆ ಯಾಕೆ ಅರ್ಧದಲ್ಲೇ ನಿಲ್ಲುತ್ತದೆ ಎಂಬುದಕ್ಕೆ ಇದೇ ಉತ್ತರ.

ಕೃತಕ ಟರ್ಫಿಗೆ ಎರಡು ದೊಡ್ಡ ದೋಷಗಳಿವೆ. ಬಿಸಿಲಿನಲ್ಲಿ ಅದರ ಮೈ ಗಾಳಿಗಿಂತ 20 ಡಿಗ್ರಿಗೂ ಹೆಚ್ಚು ಕಾಯುತ್ತದೆ. ನೀರು ಹೊಡೆದರೆ ಸ್ವಲ್ಪ ಹೊತ್ತು ತಣಿಯುತ್ತದೆ, ಅಷ್ಟೇ. ಎರಡನೆಯದು ರಬ್ಬರ್ ಕಾಳು. ಸೂಕ್ಷ್ಮ ಪ್ಲಾಸ್ಟಿಕ್ ಮಾಲಿನ್ಯದ ಕಾರಣಕ್ಕೆ ಐರೋಪ್ಯ ಒಕ್ಕೂಟ 2023ರಲ್ಲಿ ಇದರ ಮಾರಾಟಕ್ಕೆ ಎಂಟು ವರ್ಷಗಳ ಗಡುವು ಹಾಕಿದೆ. ಇಂದು ಹೊಸ ಟರ್ಫ್ ಹಾಕುವವರು ಕಾರ್ಕ್‌ನಂಥ ಸಸ್ಯಮೂಲದ ಕಾಳನ್ನು ಟೆಂಡರಿನಲ್ಲೇ ಕೇಳುವುದು ಒಳಿತು. ಬಿಸಿಲಿಗೆ ಮದ್ದು ದೀಪ. ಲೀಗ್ ಪಂದ್ಯವನ್ನು ಸಂಜೆ ಆಡಿಸಲು 200 ಲಕ್ಸ್ ಬೆಳಕು ಸಾಕು. ಟಿವಿ ಪ್ರಸಾರಕ್ಕೆ ಬೇಕಾದ ಸಾವಿರಕ್ಕೂ ಮೀರಿದ ಲಕ್ಸ್‌ಗೆ ದುಡ್ಡು ಕೂಡುವವರೆಗೆ ಕಾಯಬೇಕಿಲ್ಲ.

ಕುರ್ಚಿ ಹಾಕಿದರೆ ಜನ ಕಡಿಮೆ

ಆಧುನೀಕರಣ ಎಂದರೆ ಹೆಚ್ಚು ಆಸನ ಎಂದು ಬಹಳ ಮಂದಿ ಭಾವಿಸುತ್ತಾರೆ. ಹಳೆಯ ಗ್ಯಾಲರಿಯಲ್ಲಿ ನಡೆಯುವುದು ಉಲ್ಟಾ. ಕಲ್ಲುಬೆಂಚಿನ ಮೇಲೆ ತಲೆಗೆ 45 ಸೆಂಟಿಮೀಟರ್ ಅಗಲ ಸಾಕಾಗುತ್ತಿತ್ತು. ಬೆನ್ನಾನಿಕೆಯ ಕುರ್ಚಿಗೆ 50 ಬೇಕು. ಮುಂದಿನ ಸಾಲಿಗೆ ಮೊಣಕಾಲು ತಾಗದಿರಲು ಮೆಟ್ಟಿಲಿನ ಅಗಲ 60ರಿಂದ 80 ಸೆಂಟಿಮೀಟರಿಗೆ ಏರಬೇಕು, ನಾಲ್ಕು ಸಾಲಿದ್ದಲ್ಲಿ ಮೂರು ಕೂರುತ್ತವೆ. ಎರಡೂ ಸೇರಿದರೆ 10,000 ಜನರ ಗ್ಯಾಲರಿ 6,750ಕ್ಕೆ ಇಳಿಯುತ್ತದೆ. ಸಾಲ್ಟ್ ಲೇಕ್ ಒಂದು ಲಕ್ಷಕ್ಕೂ ಹೆಚ್ಚು ಜನರ ಸ್ಟೇಡಿಯಂ ಆಗಿದ್ದದ್ದು ಕುರ್ಚಿ ಹಾಕಿದ ಮೇಲೆ ಎಷ್ಟೋ ಕೆಳಗಿಳಿಯಿತು. ಇದು ನಷ್ಟವಲ್ಲ. ಅಶೋಕನಗರದ ರಸ್ತೆಗಳಿಗೆ ಹೊಂದುವ ಸಂಖ್ಯೆಯೂ ಇದೇ.

ರಸ್ತೆಗಳ ಮಾತಿಗೆ ಬಂದರೆ ಚಿನ್ನಸ್ವಾಮಿಯ ಪಾಠ ಇಲ್ಲಿ ನೇರವಾಗಿ ತಾಗುತ್ತದೆ. ಅಲ್ಲಿ ಸಾವು ಸಂಭವಿಸಿದ್ದು ಗ್ಯಾಲರಿಯಲ್ಲಲ್ಲ, ಗೇಟಿನ ಹೊರಗೆ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಲೆಕ್ಕದಲ್ಲಿ ಒಂದು ತಿರುಗುಗೇಟಿನಲ್ಲಿ ಗಂಟೆಗೆ 660 ಜನರಿಗಿಂತ ಹೆಚ್ಚು ಒಳಬರಲಾರರು. 8,000 ಜನ ಒಂದು ಗಂಟೆಯಲ್ಲಿ ಒಳಬರಲು 13 ಗೇಟು ಬೇಕು, ಚೀಲ ತಪಾಸಣೆ ಇದ್ದರೆ ಇನ್ನೂ ಹೆಚ್ಚು. ಹೊರಹೋಗುವಾಗ ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ 82, ಮೆಟ್ಟಿಲಲ್ಲಿ 66 ಜನ. ಎಂಟು ನಿಮಿಷದಲ್ಲಿ ಖಾಲಿಯಾಗಬೇಕೆಂದರೆ ಒಟ್ಟು 15 ಮೀಟರಿಗೂ ಹೆಚ್ಚು ಅಗಲದ ಮೆಟ್ಟಿಲು ಬೇಕು, ಅದೂ ಎಲ್ಲ ಬಾಗಿಲುಗಳೂ ತೆರೆದಿದ್ದರೆ. ಒಂದು ಬಾಗಿಲಿಗೆ ಬೀಗ ಹಾಕಿ ಅದರ ಹಿಂದೆ ಹಳೆಯ ಸಾಮಾನು ಪೇರಿಸಿದರೆ ಈ ಲೆಕ್ಕವೆಲ್ಲ ಸುಳ್ಳು.

ಕಾಯುವ ಜನ ರಸ್ತೆಯಲ್ಲಿ ನಿಲ್ಲಬಾರದು, ಕಾಂಪೌಂಡಿನ ಒಳಗೇ ನಿಲ್ಲಬೇಕು. ಒಮ್ಮೆಗೆ 2,000 ಜನ ಸೇರುತ್ತಾರೆಂದು ಹಿಡಿದು, ಚದರ ಮೀಟರಿಗೆ ಇಬ್ಬರು ಎಂದರೂ 1,000 ಚದರ ಮೀಟರ್ ಖಾಲಿ ಜಾಗ ಬೇಕು. ಕೆಡವಿ ಕಟ್ಟುವ ನಕ್ಷೆಗಳಲ್ಲಿ ಅಂಗಡಿ, ಪಾರ್ಕಿಂಗ್ ಮೊದಲು ತಿನ್ನುವುದು ಈ ಖಾಲಿ ಜಾಗವನ್ನೇ. ಗುಲಾಬಿ ಮೆಟ್ರೊ ಮಾರ್ಗದ ನಿಲ್ದಾಣಗಳು ಎಂ.ಜಿ. ರಸ್ತೆಯಲ್ಲೂ ವೆಲ್ಲಾರ ಜಂಕ್ಷನ್ನಿನಲ್ಲೂ ಬರುತ್ತಿರುವಾಗ ಕಾರುಗಳಿಗೆಂದು ಜಾಗ ಕೊಡಲು ಕಾರಣ ಕಾಣುವುದಿಲ್ಲ.

ದುಡ್ಡು ಕೊಟ್ಟವರು ಏನು ಕೇಳುತ್ತಾರೆ

ಖಾಸಗಿ ಸಹಭಾಗಿತ್ವದಲ್ಲಿ ಕಟ್ಟಿದರೆ ಹೂಡಿದವರು ಬಾಡಿಗೆ ಬರುವ ಗಂಟೆಗಳನ್ನು ಕೇಳುತ್ತಾರೆ. ಅಂಥ ಗಂಟೆಗಳು ಸಂಜೆಯವು, ವಾರದ ಕೊನೆಯವು. ಲೀಗಿಗೆ ಬೇಕಾದವೂ ಅವೇ. 2025ರಲ್ಲಿ ವಾಣಿಜ್ಯ ಹಕ್ಕುಗಳ ಒಪ್ಪಂದದ ಬಿಕ್ಕಟ್ಟಿನಿಂದ ದೇಶದ ಅಗ್ರ ಲೀಗ್ ಆದ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಋತುವಿಗೇ ತಡೆ ಬಿದ್ದದ್ದನ್ನು ನೋಡಿದ ಮೇಲೆ, ದೊಡ್ಡ ತಂಡದ ಆದಾಯವನ್ನೇ ನೆಚ್ಚಿ 25,000 ಆಸನ ಕಟ್ಟುವುದು ಅಪಾಯದ ಲೆಕ್ಕ. ಸರ್ಕಾರದ ದುಡ್ಡಾದರೆ ಕಟ್ಟುವುದಕ್ಕೆ ಸಿಗುತ್ತದೆ, ನಿರ್ವಹಣೆಗೆ ಸಿಗುವುದಿಲ್ಲ. ಬ್ರಷ್ ಎಳೆಯುವ ಆಳಿನ ಸಂಬಳ, ಹತ್ತನೇ ವರ್ಷದ ಹೊಸ ಟರ್ಫಿನ ಬೆಲೆ ಮೊದಲ ದಿನದ ಅಂದಾಜುಪಟ್ಟಿಯಲ್ಲೇ ಇರಬೇಕು. ಯಾವ ದಾರಿ ಹಿಡಿದರೂ ಒಪ್ಪಂದದಲ್ಲಿ ಒಂದು ಸಾಲು ಅಂಕಿಯಲ್ಲಿ ಬರೆದಿರಬೇಕು: ವಾರಕ್ಕೆ ಇಷ್ಟು ಗಂಟೆ, ಇಂಥ ಹೊತ್ತಿನಲ್ಲಿ, ಇಷ್ಟೇ ಬಾಡಿಗೆಗೆ, ಕೆಳ ಡಿವಿಷನ್ ಮತ್ತು ಮಹಿಳಾ ಲೀಗಿಗೆ ಮೀಸಲು. ‘ಸ್ಥಳೀಯ ಫುಟ್‌ಬಾಲಿಗೆ ಆದ್ಯತೆ’ ಎಂಬ ಮಾತನ್ನು ಯಾರು ಬೇಕಾದರೂ ಬರೆಯಬಹುದು, ಯಾರೂ ಜಾರಿ ಮಾಡಿಸಲಾರರು.

ಕೆಲಸ ಯಾವ ಕ್ರಮದಲ್ಲಿ

ಲೀಗ್ ಮುಗಿದ ತಿಂಗಳುಗಳಲ್ಲಿ ಕಾಂಕ್ರೀಟ್ ಪರೀಕ್ಷೆ ನಡೆಸಿ ಅದರ ಫಲಿತಾಂಶವನ್ನು ಗ್ಯಾಲರಿವಾರು ಪ್ರಕಟಿಸಬೇಕು. ಅಲ್ಲಿಯವರೆಗೆ ಅನುಮಾನದ ಭಾಗಕ್ಕೆ ಜನರನ್ನು ಬಿಡಬಾರದು. ಆಮೇಲೆ ಮಳೆಗೆ ಮುಂಚೆ ಚರಂಡಿ. ಟರ್ಫ್ ಗಂಟೆಗೆ 180 ಮಿಲಿಮೀಟರ್ ನೀರು ಇಳಿಸಬಲ್ಲದು, ಕೆಳಗಿನ ಕೊಳವೆ ಕಟ್ಟಿದ್ದರೆ ಆ ಶಕ್ತಿ ವ್ಯರ್ಥ. ಚರಂಡಿ ಸರಿಯಾಗದೆ ಹೊಸ ಟರ್ಫ್ ಹಾಸಿದರೆ ಮೂರನೇ ಮಳೆಗಾಲಕ್ಕೆ ಮತ್ತೆ ಅಗೆಯಬೇಕಾಗುತ್ತದೆ. ಗ್ಯಾಲರಿಯ ಕೆಲಸ ಟರ್ಫಿಗಿಂತ ಮುಂಚೆಯೇ ಮುಗಿಯಬೇಕು, ಹೊಸ ಹಾಸಿನ ಮೇಲೆ ಕ್ರೇನ್ ಓಡಿಸಿದರೆ ಕೆಳಗಿನ ಜಲ್ಲಿ ಕುಸಿದು ಅಲ್ಲಲ್ಲಿ ನೀರು ನಿಲ್ಲುತ್ತದೆ.

ಒಂದು ಸಲಕ್ಕೆ ಒಂದೇ ಬದಿಯ ಗ್ಯಾಲರಿಗೆ ಕೈ ಹಾಕಿ, ಆ ಬದಿಗೆ ತಗಡಿನ ಬೇಲಿ ಕಟ್ಟಿ, ಎದುರು ಬದಿಯಲ್ಲಿ ಜನರನ್ನು ಕೂರಿಸಿದರೆ ಗ್ಯಾಲರಿ ದುರಸ್ತಿಯಾಗುವಾಗಲೂ ಲೀಗ್ ನಡೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಕೆಡವುವುದಕ್ಕೆ ಹೋಲಿಸಿದರೆ ಇದರಲ್ಲಿ ಗುತ್ತಿಗೆದಾರನಿಗೆ ಸಮಯವೂ ಖರ್ಚೂ ಹೆಚ್ಚು, ಕ್ಲಬ್ಬುಗಳು ಕಳೆದುಕೊಳ್ಳುವುದು ಟರ್ಫ್ ಹಾಸುವ ಕೆಲವು ತಿಂಗಳು ಮಾತ್ರ.